ಕೊಟ್ಟಿಗೆಯಲ್ಲಿ ನಿಂತ ಆರ್‌ಎಕ್ಸ್ 100: ಮೊದಲ ಕಿಕ್ ಹೊಡೆಯುವ ಮುನ್ನ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಅಪ್ಪ 1991ರಲ್ಲಿ ಹೊಸದಾಗಿ ಕೊಂಡಿದ್ದ ಯಮಹಾ ಆರ್‌ಎಕ್ಸ್ 100 ಬೈಕು ಹನ್ನೊಂದು ವರ್ಷಗಳಿಂದ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ತಾಡಪಾಲು ಹೊದ್ದು ನಿಂತಿದೆ. ಟ್ಯಾಂಕಿನೊಳಗೆ ತುಕ್ಕು ಕಾಣುತ್ತದೆ, ಕ್ರೋಮ್ ಭಾಗಗಳಲ್ಲೆಲ್ಲ ಕಂದು ಚುಕ್ಕೆಗಳಿವೆ, ಕಿಕ್ಕರ್ ಒತ್ತಿದರೆ ಅರ್ಧಕ್ಕೆ ನಿಲ್ಲುತ್ತದೆ. ಮನೆಯಲ್ಲೇ ಇದನ್ನು ಸರಿಮಾಡಲು ಸಾಧ್ಯವೇ? ಪೂರ್ತಿ ಬಿಚ್ಚಿ, ಪೇಂಟ್ ಹೊಡೆಸಿ, ಕ್ರೋಮ್ ಮಾಡಿಸಿ ಶೋರೂಮಿನಿಂದ ಬಂದಂತೆ ಮಾಡಬೇಕೆಂಬುದು ತಮ್ಮನ ಹಟ. ಅಪ್ಪನಿಗೆ ಅದು ಮೊದಲಿನಂತೆ ಸ್ಟಾರ್ಟ್ ಆದರೆ ಸಾಕು. ಯಾವ ಕೆಲಸವನ್ನು ನಾವು ಮಾಡಬಹುದು, ಯಾವುದನ್ನು ಮೆಕ್ಯಾನಿಕ್‌ಗೆ ಬಿಡಬೇಕು?

ಉತ್ತರ: ನಿಮ್ಮ ಮನೆಯ ಈ ವ್ಯಾಜ್ಯದಲ್ಲಿ ನಾನು ನಿಮ್ಮ ತಂದೆಯವರ ಪಕ್ಷ. ಹಳೆಯ ಗಾಡಿಯ ಮೇಲೆ ಮಾಡುವ ಕೆಲಸಗಳಲ್ಲಿ ಎರಡು ಜಾತಿ. ತೊಳೆದದ್ದು ಸಾಲದಿದ್ದರೆ ಮತ್ತೆ ತೊಳೆಯಬಹುದು, ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದು. ಆದರೆ ಕೆರೆದು ತೆಗೆದ ಕಂಪನಿಯ ಬಣ್ಣವನ್ನು, ಉಜ್ಜಿ ಅಳಿಸಿದ ಸ್ಟಿಕ್ಕರನ್ನು, ಗ್ರೈಂಡರ್ ಹಿಡಿದು ತೆಳ್ಳಗೆ ಮಾಡಿದ ಅಲ್ಯೂಮಿನಿಯಂ ಕವರನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು. ಮೊದಲನೆಯ ಜಾತಿಯ ಕೆಲಸವೆಲ್ಲ ಮುಗಿದು, ಎಂಜಿನ್ ಓಡಿ, ಗಾಡಿ ನಾಲ್ಕಾರು ತಿಂಗಳು ರಸ್ತೆಯ ಮೇಲೆ ತಿರುಗಾಡಿದ ನಂತರ ಎರಡನೆಯ ಜಾತಿಯ ಕೆಲಸಕ್ಕೆ ಕೈ ಹಾಕಬೇಕೇ ಎಂದು ಯೋಚಿಸಿದರೆ ಸಾಕು. ಹಾಗೆ ಕಾದವರಲ್ಲಿ ಹೆಚ್ಚಿನವರು ಆಮೇಲೆ ಪೇಂಟಿನ ಮಾತೇ ಎತ್ತದಿರುವುದನ್ನು ನಾನು ಕಂಡಿದ್ದೇನೆ. ಎಸ್ಕಾರ್ಟ್ಸ್ ಕಂಪನಿಯು ಯಮಹಾ ಜೊತೆಗೂಡಿ 1985ರಿಂದ 1996ರವರೆಗೆ ತಯಾರಿಸಿದ ಈ ಬೈಕು ಈಗ ಬೇಡಿಕೆಯಲ್ಲಿದೆ. ಹೊಸ ಬಣ್ಣ ಬಳಿದ ಆರ್‌ಎಕ್ಸ್‌ಗಳು ಊರೂರಿನಲ್ಲಿವೆ. ಒಬ್ಬನೇ ಮಾಲೀಕನ ಕೈಯಲ್ಲಿದ್ದು, ಹುಟ್ಟಿದಾಗಿನ ಬಣ್ಣವನ್ನೇ ಉಳಿಸಿಕೊಂಡವು ಅಪರೂಪ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಪುಸ್ತಕವನ್ನು ಹುಡುಕಿ ತೆಗೆಯಿರಿ. ಖಾಸಗಿ ದ್ವಿಚಕ್ರ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹನ್ನೊಂದು ವರ್ಷ ನಿಂತ ಗಾಡಿಯ ನವೀಕರಣ ಖಂಡಿತ ತಪ್ಪಿರುತ್ತದೆ. ಆರ್‌ಟಿಒ ಕಚೇರಿಯಲ್ಲಿ 25ನೇ ನಮೂನೆಯ ಅರ್ಜಿ, ಗಾಡಿಯ ತಪಾಸಣೆ, ಹಸಿರು ತೆರಿಗೆ, ತಡವಾದುದಕ್ಕೆ ಹೆಚ್ಚುವರಿ ಶುಲ್ಕ ಇವೆಲ್ಲ ಎಷ್ಟಾಗುತ್ತದೆಂದು ಮೊದಲೇ ವಿಚಾರಿಸಿಕೊಂಡರೆ, ಬಿಡಿಭಾಗಗಳಿಗೆ ಎಷ್ಟು ಖರ್ಚು ಮಾಡಬಹುದು ಎಂಬ ಲೆಕ್ಕ ತಾನಾಗಿಯೇ ಸಿಗುತ್ತದೆ. ಕರ್ನಾಟಕದಲ್ಲಿ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕೂಡ ಕಡ್ಡಾಯ. ಕೆಲವರು ವಿಂಟೇಜ್ ನೋಂದಣಿಯ ಆಸೆ ಹುಟ್ಟಿಸುತ್ತಾರೆ. 2021ರ ನಿಯಮದ ಪ್ರಕಾರ ಅದು ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಮಾತ್ರ. ತಪಾಸಣೆಯಲ್ಲಿ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಎರಡನ್ನೂ ಓದಿ ತಾಳೆ ನೋಡುತ್ತಾರಾದ್ದರಿಂದ ಆ ಎರಡು ಜಾಗಗಳಿಗೆ ತಂತಿ ಬ್ರಷ್ಷನ್ನಾಗಲಿ, ಎಮರಿ ಪೇಪರನ್ನಾಗಲಿ ತಾಗಿಸಕೂಡದು. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಅಂಕೆಗಳು ಕಾಣುತ್ತವೆ. ತುಕ್ಕು ಹಿಡಿದಿದೆಯೆಂದು ಅಲ್ಲಿ ಗ್ರೈಂಡರ್ ಆಡಿಸಿದ ಒಂದು ಒಳ್ಳೆಯ ಗಾಡಿ ಕೊನೆಗೆ ಗುಜರಿಯ ಪಾಲಾದದ್ದನ್ನು ನೋಡಿದ್ದೇನೆ.

ಇನ್ನು ನಿಮ್ಮ ಕಿಕ್ಕರ್ ವಿಷಯ. ಅರ್ಧಕ್ಕೆ ನಿಲ್ಲುತ್ತದೆ ಎಂದರೆ ಇನ್ನು ಒಂದು ಸಲವೂ ಅದನ್ನು ಒತ್ತಬೇಡಿ. ಮಲೆನಾಡಿನ ತೇವದಲ್ಲಿ ಇಷ್ಟು ವರ್ಷ ನಿಂತ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಬೋರಿನ, ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಯ, ಗೋಡೆಯ ಮೇಲೆ ತುಕ್ಕಿನ ಒಂದು ಪಟ್ಟೆ ಎದ್ದಿರುವುದು, ಪಿಸ್ಟನ್ ರಿಂಗ್ ಅಲ್ಲಿಗೆ ಬಂದು ತಡೆಯುವುದು ಸಾಮಾನ್ಯ. ಇಂಥ ಹೊತ್ತಿನಲ್ಲಿ ನಾಲ್ಕು ಜನ ಸೇರಿ ಒದ್ದರೆ ರಿಂಗ್ ಮುರಿದು ಬೋರ್ ಗೀಚುತ್ತದೆ, ಇಲ್ಲವೇ ಕಿಕ್ಕರಿನ ಹಲ್ಲು ಸವೆಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚುವ ಮುನ್ನ ಅದರ ಬುಡದ ಮಣ್ಣನ್ನು ಬ್ರಷ್ಷಿನಿಂದ ಗುಡಿಸಿ, ಇಲ್ಲದಿದ್ದರೆ ಅದೆಲ್ಲ ಒಳಗೇ ಬೀಳುತ್ತದೆ. ಟೂ-ಸ್ಟ್ರೋಕ್ ಎಣ್ಣೆ ಮತ್ತು ಡೀಸೆಲನ್ನು ಸಮಪಾಲು ಬೆರೆಸಿ, ಸಿರಿಂಜಿನಲ್ಲಿ ಹತ್ತು ಮಿಲಿಲೀಟರ್‌ನಷ್ಟು ಪ್ಲಗ್ಗಿನ ತೂತಿನೊಳಗೆ ಬಿಡಿ. ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಡುತ್ತ ಮೂರು ದಿನ ಕಾಯಿರಿ. ಅನಂತರ ಗಾಡಿಯನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸಿ. ಒಂದೊಂದು ಅಲುಗಾಟಕ್ಕೂ ಚಲನೆ ಒಂದು ಕೂದಲೆಳೆಯಷ್ಟು ಹೆಚ್ಚುತ್ತಿದ್ದರೆ ಗೆದ್ದಿರಿ ಎಂದೇ ತಿಳಿಯಿರಿ.

ಟೂ-ಸ್ಟ್ರೋಕ್ ಎಂಜಿನ್ ಈ ವಿಷಯದಲ್ಲಿ ಬಹಳ ಉಪಕಾರಿ. ಸೈಲೆನ್ಸರ್ ಬಿಚ್ಚಿ, ಹೊಗೆ ಹೊರಬರುವ ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ, ಪಿಸ್ಟನ್ ಇರುವ ಜಾಗವನ್ನು ಅನುಸರಿಸಿ ಅದರ ಪಕ್ಕೆ, ರಿಂಗುಗಳು, ಎದುರಿನ ಬೋರಿನ ಗೋಡೆ ಕಣ್ಣಿಗೇ ಬೀಳುತ್ತವೆ. ಪಿಸ್ಟನ್‌ನ ಪಕ್ಕೆಯ ಮೇಲೆ ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಅದು ಹಿಂದೊಮ್ಮೆ ಎಣ್ಣೆಯಿಲ್ಲದೆ ಹಿಡಿದುಕೊಂಡ ಎಂಜಿನ್. ಬೋರಿನಲ್ಲಿ ಉಗುರಿಗೆ ಸಿಕ್ಕುವಷ್ಟು ಆಳದ ತುಕ್ಕಿನ ಕುಳಿಗಳಿದ್ದರೆ ಹೆಡ್ ಮತ್ತು ಸಿಲಿಂಡರ್ ಬಿಚ್ಚಲೇಬೇಕು. ಅದು ಮೆಕ್ಯಾನಿಕ್ ಮತ್ತು ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲ ಮಾಡುವ ಬೋರಿಂಗ್ ಅಂಗಡಿಯವರ ಕೆಲಸ. ಈ ಎಂಜಿನ್ನಿನ ಬೋರೂ (ಸಿಲಿಂಡರಿನ ಅಗಲ) ಸ್ಟ್ರೋಕೂ (ಪಿಸ್ಟನ್ ಓಡುವ ದೂರ) 50 ಮಿ.ಮೀ.; 0.25 ಮಿ.ಮೀ. ಮೆಟ್ಟಿಲಿನಲ್ಲಿ ದೊಡ್ಡ ಅಳತೆಯ ಪಿಸ್ಟನ್‌ಗಳು ಸಿಗುತ್ತವೆ. ಈ ಹಿಂದೆ ಎಷ್ಟು ಬಾರಿ ಬೋರ್ ಮಾಡಿಸಲಾಗಿದೆ ಎಂಬುದು ಪಿಸ್ಟನ್ ತಲೆಯ ಮೇಲಿನ ಅಂಕೆಯಿಂದ ತಿಳಿಯುತ್ತದೆ. ಒಮ್ಮೆಯೂ ಮಾಡಿಸಿಲ್ಲದಿದ್ದರೆ ಅದೂ ಒಂದು ಆಸ್ತಿ. ಮೊದಲ ಮೆಟ್ಟಿಲಿನಲ್ಲಿಯೇ ಮುಗಿಸುವಂತೆ ಅಂಗಡಿಯವರಿಗೆ ಹೇಳಿ, ಪಿಸ್ಟನ್ನನ್ನು ಮೊದಲು ತಂದು ಅವರ ಕೈಗೆ ಕೊಟ್ಟು ಅದರ ಅಳತೆಗೇ ಬೋರ್ ಮಾಡಿಸಿ.

ಬಿಚ್ಚುವ ಮಾತು ಬಂದದ್ದರಿಂದ ಸ್ಕ್ರೂಗಳ ಬಗ್ಗೆ ಒಂದು ಮಾತು. ಎಂಜಿನ್ನಿನ ಎಡಬಲದ ಕವರುಗಳನ್ನು ಹಿಡಿದಿರುವ ಕೂಡುಗೆರೆಯ ಸ್ಕ್ರೂಗಳ ತಲೆಯನ್ನು ನೋಡಿದರೆ ಬಹುಪಾಲು ಗಾಡಿಗಳಲ್ಲಿ ಅದು ಹೂವಿನಂತೆ ಅರಳಿರುತ್ತದೆ. ಅದಕ್ಕೆ ತುಕ್ಕಷ್ಟೇ ಕಾರಣವಲ್ಲ. ಅವು ಜಪಾನಿನ ಮಾನದಂಡದ (ಜೆಐಎಸ್) ಸ್ಕ್ರೂಗಳು. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿನ ತುದಿ ಅವುಗಳ ಬುಡದವರೆಗೆ ಕೂರುವುದಿಲ್ಲ, ಬಲ ಬಿದ್ದೊಡನೆ ಮೇಲೆದ್ದು ಅಂಚನ್ನು ಸವೆಸುತ್ತದೆ. ಜೆಐಎಸ್ ಗುರುತಿನ ಸ್ಕ್ರೂಡ್ರೈವರ್ ಬಿಟ್ (ತುದಿ), ಜೊತೆಗೆ ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್, ಇವೆರಡನ್ನು ಕೊಂಡರೆ ಈ ಇಡೀ ಕೆಲಸದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಸ್ಕ್ರೂವಿನ ತಲೆಗೆ ಎರಡು ಪೆಟ್ಟು ಕೊಟ್ಟು, ಆಮೇಲೆ ತಿರುಗಿಸಿ. ಬಿಚ್ಚಿದ ಪ್ರತಿಯೊಂದು ಸ್ಕ್ರೂವನ್ನೂ ರಟ್ಟಿನ ಮೇಲೆ ಕವರಿನ ಆಕಾರ ಬರೆದು ಅದೇ ಜಾಗದಲ್ಲಿ ಚುಚ್ಚಿಡಿ. ಅವುಗಳ ಉದ್ದ ಬೇರೆ ಬೇರೆ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಅಲ್ಯೂಮಿನಿಯಂ ಒಡೆಯುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಈಗ ಎಲ್ಲರಿಗೂ ಗೊತ್ತಿರುವ ವಿಷಯವೇ. ವೈರುಗಳ ಮತ್ತು ಕೇಬಲ್ಲುಗಳ ದಾರಿಯನ್ನು ಮಾತ್ರ ಎರಡು ಕಡೆಯಿಂದ ತೆಗೆದುಕೊಳ್ಳಿ.

ತೊಳೆಯುವ ಕೆಲಸಕ್ಕೆ ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇಡ. ಅದು ಚಕ್ರದ ಬೇರಿಂಗ್, ಹ್ಯಾಂಡಲಿನ ಕೋನ್ ಸೆಟ್, ಬ್ರೇಕ್ ಡ್ರಮ್ಮುಗಳ ಒಳಗೆ ನುಗ್ಗಿ, ಗ್ರೀಸನ್ನು ತೊಳೆದು, ನೀರನ್ನು ಅಲ್ಲಿ ಬಿಟ್ಟು ಹೋಗುತ್ತದೆ. ಕಾರ್ಬುರೇಟರಿನ ಬಾಯಿ, ಸೈಲೆನ್ಸರಿನ ಕಿಂಡಿ, ಏರ್ ಫಿಲ್ಟರಿನ ಡಬ್ಬಿ ಇವುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಹಳೆಯ ಪ್ಲಗ್ಗನ್ನು ಅದರ ಜಾಗಕ್ಕೆ ತಿರುಗಿಸಿ, ಎಂಜಿನ್ನಿನ ರೆಕ್ಕೆಗಳ ನಡುವಿನ ಗಟ್ಟಿ ಜಿಡ್ಡಿಗೆ ಡೀಸೆಲ್ ಬಳಿದು ಒಂದು ಗಂಟೆ ನೆನೆಯಲು ಬಿಡಿ. ಸೀಮೆಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಒಲೆಯೋ ದೇವರ ದೀಪವೋ ಉರಿಯುವ ಮನೆಯಂಗಳದಲ್ಲಿ ಅದನ್ನು ಯೋಚಿಸಲೂಬೇಡಿ. ಮೊನೆಯಾದ ಬಿದಿರಿನ ಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು, ಕೊನೆಗೆ ಮಗ್ಗಿನಲ್ಲಿ ಸುರಿದ ಸಾದಾ ನೀರು, ಇಷ್ಟೇ ಸಾಕು. ಬಣ್ಣದ ಭಾಗಗಳಿಗೆ ಚಿನ್ನ ಬೆಳ್ಳಿ ತೊಳೆಯುವ ಅಂಟುವಾಳಕಾಯಿಯ ನೊರೆ ಬಹಳ ಸೌಮ್ಯವಾದದ್ದು. ನಿಮ್ಮ ಕಡೆ ಅದಕ್ಕೆ ಬರವಿರಲಾರದು. ಆದರೆ ಹಿತ್ತಾಳೆಗೆ ಹೊಂದುವ ಹುಣಸೆಹಣ್ಣನ್ನು ಅಲ್ಯೂಮಿನಿಯಂ ಕವರಿಗೆ ಬಳಿಯಬೇಡಿ, ಹುಳಿಗೆ ಅದು ಕಪ್ಪಿಟ್ಟುಕೊಳ್ಳುತ್ತದೆ.

ಈ ಗಾಡಿಯ ನಿಜವಾದ ರೋಗ ಟ್ಯಾಂಕಿನಲ್ಲಿರುತ್ತದೆ. ಅಲ್ಲಿಯ ತುಕ್ಕನ್ನು ಬಿಟ್ಟು ಉಳಿದೆಲ್ಲವನ್ನು ಸರಿಮಾಡಿದರೆ ವಾರಕ್ಕೊಮ್ಮೆ ಕಾರ್ಬುರೇಟರ್ ಬಿಚ್ಚುವುದೇ ಕಾಯಕವಾಗುತ್ತದೆ. ಉಳಿದಿರುವ ಪೆಟ್ರೋಲನ್ನು ಬಯಲಿನಲ್ಲಿ ಡಬ್ಬಿಗೆ ಬಸಿದುಕೊಳ್ಳಿ. ಅದು ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ, ಯಾವ ಎಂಜಿನ್ನಿಗೂ ಹಾಕಬೇಡಿ. ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್ (ನಲ್ಲಿ) ಕಳಚಿ, ಆ ತೂತಿಗೆ ರಬ್ಬರ್ ತುಂಡು ಇಟ್ಟು ತಗಡಿನಿಂದ ಬಿಗಿದು, ಸೋಪಿನ ನೀರಿನಿಂದ ಎರಡು ಮೂರು ಸಲ ಕುಲುಕಿ ತೊಳೆಯಿರಿ. ಎಣ್ಣೆಯ ಅಂಶ ಉಳಿದರೆ ಮುಂದಿನ ದ್ರಾವಣ ತುಕ್ಕಿಗೆ ತಾಗುವುದೇ ಇಲ್ಲ. ಬಳಿಕ ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಲೀಟರಿಗೆ ಐವತ್ತರಿಂದ ನೂರು ಗ್ರಾಮಿನಂತೆ ಬಿಸಿನೀರಿನಲ್ಲಿ ಕರಗಿಸಿ, ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ, ಮುಚ್ಚಳವನ್ನು ಗಾಳಿಯಾಡುವಷ್ಟು ಸಡಿಲವಾಗಿಟ್ಟು ಒಂದು ರಾತ್ರಿ ಬಿಡಿ. ಹೊರಗಿನ ಬಣ್ಣದ ಮೇಲೆ ಈ ನೀರು ತುಳುಕದಂತೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಳ್ಳಿ, ತುಳುಕಿದರೆ ಕೂಡಲೇ ತೊಳೆಯಿರಿ. ಬೆಳಿಗ್ಗೆ ಸುರಿದಾಗ ಕಡು ಕಾಫಿಯಂಥ ನೀರು ಬರುತ್ತದೆ. ತುಕ್ಕು ಇನ್ನೂ ಉಳಿದಿದ್ದರೆ ಹೊಸ ದ್ರಾವಣದೊಂದಿಗೆ ಇನ್ನೊಂದು ರಾತ್ರಿ.

ದಪ್ಪ ಪದರದ ತುಕ್ಕಿಗೆ ಒಳಗೆ ನಟ್ಟುಗಳನ್ನು ಹಾಕಿ ಕುಲುಕುವ ಪದ್ಧತಿಯೂ ಒಳ್ಳೆಯದೇ. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ಜಲ್ಲಿಕಲ್ಲು ಬೇಡ, ಅದು ಪುಡಿಯಾಗಿ ಮೂಲೆಯಲ್ಲಿ ಕೂರುತ್ತದೆ. ಕಕ್ಕಸು ತೊಳೆಯುವ ಆಸಿಡ್ ಸುರಿದರೆ ಅರ್ಧ ಗಂಟೆಯಲ್ಲಿ ಹೊಳೆಯುತ್ತದೆ ಎಂದು ಹೇಳುವವರಿದ್ದಾರೆ. ಹೊಳೆಯುವುದೇನೋ ನಿಜ. ಆದರೆ ಅದು ತುಕ್ಕನ್ನೂ ತಿನ್ನುತ್ತದೆ, ತಗಡನ್ನೂ ತಿನ್ನುತ್ತದೆ; ಮೂವತ್ತು ವರ್ಷದ ಟ್ಯಾಂಕಿನ ಅಡಿಯಲ್ಲಿ ತುಕ್ಕೇ ಮುಚ್ಚಿಹಿಡಿದಿದ್ದ ಸೂಜಿಮೊನೆಯ ತೂತುಗಳು ಮರುದಿನ ತೊಟ್ಟಿಕ್ಕತೊಡಗುತ್ತವೆ. ನಿಂಬೆ ಉಪ್ಪಿನ ನೀರು ಸುರಿದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಸಾದಾ ನೀರಿನಿಂದ ಎರಡು ಬಾರಿ ತೊಳೆದು ಕೂಡಲೇ ಒಣಗಿಸಬೇಕು. ಇಲ್ಲಿ ತಡ ಮಾಡುವ ಹಾಗಿಲ್ಲ: ಬೆತ್ತಲಾದ ಕಬ್ಬಿಣ ಒದ್ದೆಯಾಗಿದ್ದರೆ ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಪೆಟ್ರೋಲಿನ ವಾಸನೆ ಪೂರ್ತಿ ಹೋಗಿರುವುದನ್ನು ಖಾತ್ರಿ ಮಾಡಿಕೊಂಡು ಬಿಸಿಲಿಗಿಟ್ಟು ಒಳಗೆ ಗಾಳಿ ಊದಿಸಿ. ಒಣಗಿದ ಕ್ಷಣವೇ ಸ್ವಲ್ಪ ಟೂ-ಸ್ಟ್ರೋಕ್ ಎಣ್ಣೆ ಹಾಕಿ ಎಲ್ಲ ಮೂಲೆಗೂ ತಾಗುವಂತೆ ಹೊರಳಾಡಿಸಿ. ಆದ್ದರಿಂದ ಈ ಕೆಲಸಕ್ಕೆ ಮಳೆಗಾಲದ ದಿನವನ್ನು ಆರಿಸಿಕೊಳ್ಳಬೇಡಿ.

ಹನ್ನೊಂದು ವರ್ಷಗಳಲ್ಲಿ ಪೆಟ್ರೋಲೂ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಕಾಕಿನೊಳಗಿನ ರಬ್ಬರ್ ಬಿಲ್ಲೆ, ಕಾರ್ಬುರೇಟರಿನ ಬಟ್ಟಲಿನ ಗ್ಯಾಸ್ಕೆಟ್ ಇವನ್ನು ಹಳೆಯದೇ ಚೆನ್ನಾಗಿದೆ ಎಂದು ಉಳಿಸಿಕೊಳ್ಳುವುದು ವ್ಯರ್ಥ. ತಿಂಗಳುಗಟ್ಟಲೆ ಓಡಿಸದಿರುವಾಗ ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲ್ ತೀರುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಸೀಸವಿಲ್ಲದ ಪೆಟ್ರೋಲಿನಿಂದ ಹಳೆಯ ಎಂಜಿನ್ ಹಾಳಾಗುತ್ತದೆ ಎಂಬ ಭಯವನ್ನು ಮಾತ್ರ ಬಿಟ್ಟುಬಿಡಿ. ಆ ಮಾತು ವಾಲ್ವ್ ಇರುವ ಹಳೆಯ ಫೋರ್-ಸ್ಟ್ರೋಕ್ ಎಂಜಿನ್‌ಗಳಿಗೆ ಸಂಬಂಧಿಸಿದ್ದು, ನಿಮ್ಮದರಲ್ಲಿ ಅಂಥ ವಾಲ್ವೇ ಇಲ್ಲ.

ಕಾರ್ಬುರೇಟರಿನ ಬಟ್ಟಲು ಬಿಚ್ಚಿದಾಗ ಅಡಿಯಲ್ಲಿ ಒಣಗಿದ ಜೇನಿನಂಥ ಅಂಟು ಸಿಗುತ್ತದೆ. ಪೆಟ್ರೋಲನ್ನು ಅಳೆದು ಬಿಡುವ ತೂತಿನ ತಿರುಪುಗಳಾದ ಎರಡು ಜೆಟ್ಟುಗಳಲ್ಲಿ ದೊಡ್ಡದರ ತೂತು ಕಣ್ಣಿಗೆ ಕಾಣುತ್ತದೆ. ಸಣ್ಣದನ್ನು, ಎಂದರೆ ಪೈಲಟ್ ಜೆಟ್ಟನ್ನು, ಬೆಳಕಿಗೆ ಹಿಡಿದು ನೋಡಬೇಕು. ಅದರಲ್ಲಿ ಸೂಜಿಮೊನೆಯಷ್ಟು ದುಂಡನೆಯ ಬೆಳಕು ಕಾಣದಿದ್ದರೆ ಗಾಡಿ ಸ್ಲೋನಲ್ಲಿ ನಿಲ್ಲುವುದಿಲ್ಲ, ಎಷ್ಟು ಟ್ಯೂನ್ ಮಾಡಿದರೂ ಅಷ್ಟೇ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಸಿ, ವಿದ್ಯುತ್ ವೈರಿನಿಂದ ಬಿಡಿಸಿದ ಒಂದೇ ಒಂದು ತಾಮ್ರದ ಎಳೆಯನ್ನು ತೂರಿಸಿ. ಸೂಜಿ, ಪಿನ್ನು, ಉಕ್ಕಿನ ತಂತಿ ಮುಟ್ಟಿಸಬೇಡಿ. ಜೆಟ್ ಹಿತ್ತಾಳೆಯದು, ತೂತು ಅಗಲವಾದರೆ ಅದನ್ನು ಎಸೆಯುವುದೊಂದೇ ದಾರಿ. ಗಾಳಿಯ ಸ್ಕ್ರೂವನ್ನು ಬಿಚ್ಚುವ ಮುನ್ನ ಪೂರ್ತಿ ಒಳಕ್ಕೆ ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ ಬರೆದಿಡಿ. ಅದು ನಿಮ್ಮ ತಂದೆಯವರ ಕಾಲದ ಮೆಕ್ಯಾನಿಕ್ ಬಿಟ್ಟುಹೋದ ಲೆಕ್ಕ, ಮತ್ತೆ ಅದಕ್ಕೇ ತರುವುದು ಒಳ್ಳೆಯ ಆರಂಭ.

ಈಗ ಎಲ್ಲಕ್ಕಿಂತ ಎಚ್ಚರದ ವಿಷಯ. ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇದೆ. ಆಟೊಲ್ಯೂಬ್ ಪಂಪ್ ಅದನ್ನು ಎಂಜಿನ್ನಿನ ವೇಗಕ್ಕೂ ಆಕ್ಸಿಲರೇಟರಿಗೂ ತಕ್ಕಂತೆ ಒಳಗೆ ಬಿಡುತ್ತದೆ. ವರ್ಷಗಟ್ಟಲೆ ನಿಂತಾಗ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಎಣ್ಣೆ ಗಸಿಯಾಗಿರುತ್ತದೆ. ಮೇಲ್ನೋಟಕ್ಕೆ ಎಣ್ಣೆ ಟ್ಯಾಂಕ್ ತುಂಬಿರುತ್ತದೆ, ಗಾಡಿ ಸ್ಟಾರ್ಟ್ ಕೂಡ ಆಗುತ್ತದೆ, ಆದರೆ ಎಂಜಿನ್ನಿಗೆ ಒಂದು ಹನಿ ಎಣ್ಣೆಯೂ ಹೋಗುತ್ತಿರುವುದಿಲ್ಲ. ಸಂಭ್ರಮದಿಂದ ಪೇಟೆಯ ಕಡೆ ಹೊರಟವರು ನಾಲ್ಕನೇ ಕಿಲೋಮೀಟರಿನಲ್ಲಿ ಪಿಸ್ಟನ್ ಹಿಡಿದು ನಿಲ್ಲುತ್ತಾರೆ. ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ಟ್ಯಾಂಕ್ ತೊಳೆದು, ಹೊಸ ಎಣ್ಣೆ ತುಂಬಿ, ಪಂಪಿನ ಮೇಲಿರುವ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕಾಯಿರಿ. ಅಷ್ಟಾದ ಮೇಲೂ ಮೊದಲ ಕೆಲವು ಲೀಟರ್ ಪೆಟ್ರೋಲಿಗೆ ಲೀಟರಿಗೆ 20 ಮಿಲಿಲೀಟರಿನಂತೆ ಟೂ-ಸ್ಟ್ರೋಕ್ ಎಣ್ಣೆಯನ್ನು ನೇರವಾಗಿ ಬೆರೆಸಿಯೇ ಓಡಿಸಿ. ಹೊಗೆ ಹೆಚ್ಚಾಗುತ್ತದೆ, ಆಗಲಿ. ಎಣ್ಣೆ ಟ್ಯಾಂಕಿನ ಮಟ್ಟವನ್ನು ಗುರುತು ಮಾಡಿಟ್ಟು, ಐವತ್ತು ಕಿಲೋಮೀಟರಿನ ನಂತರ ಅದು ಇಳಿದಿರುವುದು ಕಂಡರೆ ಮಾತ್ರ ಪಂಪನ್ನು ನಂಬಿ. ಪಂಪನ್ನೇ ಕಿತ್ತು, ಕೈಯಿಂದ ಎಣ್ಣೆ ಬೆರೆಸುವಂತೆ ಮಾಡಿಕೊಡುವ ಮೆಕ್ಯಾನಿಕ್‌ಗಳು ಬಹಳ. ಕೆಲಸ ಮಾಡುತ್ತಿರುವ ಪಂಪನ್ನು ತೆಗೆಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲುಗಳು ಇಷ್ಟು ವರ್ಷಕ್ಕೆ ಒಣಗಿ ಗಡುಸಾಗಿರುತ್ತವೆ. ಬಲಗಡೆಯ ಕ್ಲಚ್ ಬದಿಯದು ಹೋಗಿದ್ದರೆ ಗೇರ್ ಎಣ್ಣೆಯನ್ನು ಎಂಜಿನ್ ಹೀರಿಕೊಂಡು ನಿಲ್ಲದ ಬಿಳಿ ಹೊಗೆ ಬಿಡುತ್ತದೆ, ಗೇರ್ ಎಣ್ಣೆಯ ಮಟ್ಟವೂ ಇಳಿಯುತ್ತದೆ. ಎಡಗಡೆಯ ಮ್ಯಾಗ್ನೆಟ್ ಬದಿಯದು ಹೋಗಿದ್ದರೆ ಗಾಳಿ ಒಳಸೇರಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ, ಅದು ಎಂಜಿನ್ನನ್ನು ಕಾಯಿಸಿ ಕೊಲ್ಲುತ್ತದೆ. ಸೀಲಿನ ಕೆಲಸ ಮನೆಯಲ್ಲಿ ಬೇಡ, ಮ್ಯಾಗ್ನೆಟ್ ಎಳೆಯುವ ಪುಲ್ಲರ್ ಇರುವವರಿಗೆ ಕೊಡಿ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಪುಡಿಯನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬೇಡಿ. ಆ ಕಾಲದ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಶೂಗಳನ್ನು ಹೊಸದಾಗಿ ಹಾಕಿ. ಟೈರು, ಟ್ಯೂಬು, ಕೇಬಲ್ಲುಗಳ ಬಗ್ಗೆ ಚರ್ಚೆ ಬೇಡ, ಎಲ್ಲ ಹೊಸದೇ ಆಗಬೇಕು. ಹಳೆಯ ಟೈರಿನ ಅಚ್ಚಿನ ಗೆರೆಗಳು ಎಷ್ಟೇ ಆಳವಿದ್ದರೂ ರಬ್ಬರು ಸತ್ತಿರುತ್ತದೆ. ಮುಂದೆ 2.50-18, ಹಿಂದೆ 2.75-18 ಅಳತೆ. ಕೊಳ್ಳುವಾಗ ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನು ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ವೈರಿಂಗ್‌ನಲ್ಲಿ ಇಲಿ ಕಡಿದ ಜಾಗಗಳನ್ನು ಹುಡುಕಿ ಸರಿಪಡಿಸಿದರೆ ಅರ್ಧ ದಿನದ ಕೆಲಸ.

ಸೈಲೆನ್ಸರ್ ವಿಷಯದಲ್ಲಿ ತಮ್ಮನವರಿಗೆ ವಿಶೇಷವಾಗಿ ಹೇಳಬೇಕು. ಹಿಂದಿನ ತುದಿಯ ಬೋಲ್ಟ್ ಬಿಚ್ಚಿ ಎಳೆದರೆ ಒಳಗಿನ ಕೊಳವೆ ಹೊರಬರುತ್ತದೆ. ಅದರ ಮೇಲಿನ ಜಿಡ್ಡುಮಸಿಯನ್ನು ಕೆರೆದು, ಡೀಸೆಲ್‌ನಲ್ಲಿ ತೊಳೆದು, ಮತ್ತೆ ಹಾಕಬೇಕು. ಅದನ್ನು ಕಿತ್ತೆಸೆದರೆ ಬರುವ ಗಲಾಟೆಗೆ ಹುಡುಗರು ಮರುಳಾಗುತ್ತಾರೆ. ಟೂ-ಸ್ಟ್ರೋಕ್ ಎಂಜಿನ್ನಿನ ಶಕ್ತಿ ಸೈಲೆನ್ಸರಿನ ಒಳಗಿನ ಅಲೆಗಳನ್ನು ಅವಲಂಬಿಸಿರುವುದರಿಂದ ಸದ್ದು ಹೆಚ್ಚಿದಂತೆ ಎಳೆತ ಹೆಚ್ಚುವುದಿಲ್ಲ, ಎಷ್ಟೋ ವೇಳೆ ಕಡಿಮೆಯಾಗುತ್ತದೆ. ಪೊಲೀಸರ ದಂಡ ಬೇರೆ.

ಕ್ರೋಮ್ ಮೇಲಿನ ಕಂದು ಚುಕ್ಕೆಗಳಿಗೆ ಎಮರಿ ಪೇಪರ್ ಹಿಡಿಯುವ ಮೊದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ ನೋಡಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದು, ಆದ್ದರಿಂದ ಗೀರು ಬೀಳುವುದಿಲ್ಲ. ತುಕ್ಕು ಮಾತ್ರ ಕರಿ ಕೆಸರಾಗಿ ಎದ್ದುಬರುತ್ತದೆ. ಒರೆಸಿ, ಒಣಗಿಸಿ, ಮೇಣ ಹಚ್ಚಿ. ಚುಕ್ಕೆಯಿದ್ದ ಕಡೆ ಸಣ್ಣ ಕುಳಿ ಉಳಿಯುತ್ತದೆ, ಎರಡಡಿ ದೂರದಿಂದ ಕಾಣುವುದಿಲ್ಲ. ಸ್ಟ್ಯಾಂಡು, ಚೈನ್ ಕವರಿನ ಪಟ್ಟಿ, ಬೋಲ್ಟುಗಳಂಥ ಬಿಡಿ ಕಬ್ಬಿಣದ ಸಾಮಾನಿಗೆ ನನ್ನ ಇಷ್ಟದ ಮದ್ದು ದನದ ಮೇವಿಗೆ ಬೆರೆಸುವ ಕಾಕಂಬಿ: ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಹದಿನೈದು ದಿನ ಮುಳುಗಿಸಿಟ್ಟರೆ ಕಬ್ಬಿಣವನ್ನು ತಿನ್ನದೆ ತುಕ್ಕನ್ನು ಮಾತ್ರ ಬಿಡಿಸುತ್ತದೆ. ವಾಸನೆಗೆ ಮನೆಯವರು ಬೈಯುತ್ತಾರೆ. ಅಲ್ಯೂಮಿನಿಯಂ ಸಾಮಾನನ್ನು ಮರೆತೂ ಅದರಲ್ಲಿ ಹಾಕಬೇಡಿ.

ಹೊಸ ಕ್ರೋಮ್ ಮಾಡಿಸುವ ಬಗ್ಗೆ ನನ್ನ ಅಸಮಾಧಾನಕ್ಕೆ ಅನುಭವವೇ ಕಾರಣ. ವರ್ಷಗಳ ಹಿಂದೆ ನನ್ನದೇ ಗಾಡಿಯ ಹ್ಯಾಂಡಲ್ ಮತ್ತು ಎರಡೂ ರಿಮ್ಮುಗಳನ್ನು ಒಂದು ಪ್ಲೇಟಿಂಗ್ ಅಂಗಡಿಗೆ ಕೊಟ್ಟಿದ್ದೆ. ವಾರದಲ್ಲಿ ಕನ್ನಡಿಯಂತೆ ಮಾಡಿ ಕೊಟ್ಟರು. ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಕಡ್ಡಿಗಳ ತೂತಿನ ಸುತ್ತ ಸಿಪ್ಪೆ ಏಳತೊಡಗಿತು. ತುಕ್ಕನ್ನು ತಡೆಯುವುದು ಮೇಲೆ ಹೊಳೆಯುವ ಕ್ರೋಮ್ ಅಲ್ಲ, ಅದರ ಕೆಳಗಿನ ನಿಕ್ಕಲ್. ಅಲ್ಲಿ ಆ ಪದರವನ್ನೇ ಉಳಿತಾಯ ಮಾಡಿದ್ದರು. ಸಾಣೆ ಹಿಡಿದಾಗ ರಿಮ್ಮಿನ ಮೇಲಿದ್ದ ಕಂಪನಿಯ ಅಚ್ಚೂ ಅಳಿಸಿಹೋಗಿತ್ತು. ಮಾಡಿಸಲೇಬೇಕೆಂದಿದ್ದರೆ ನಿಕ್ಕಲನ್ನು ಎಷ್ಟು ಹೊತ್ತು ಕೂರಿಸುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಸಾಮಾನು ವಾಪಸ್ ತನ್ನಿ.

ಬಣ್ಣದ ಮೇಲೆ ರಬ್ಬಿಂಗ್ ಕಾಂಪೌಂಡನ್ನು ಸೀಟಿನ ಅಡಿಯಲ್ಲಿ ಮುಚ್ಚಿಹೋಗುವ ಜಾಗದಲ್ಲಿ ಮೊದಲು ಪರೀಕ್ಷಿಸಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತುವುದು ಸಹಜ, ಆದರೆ ಕಡು ಕಂದೋ ಬೂದಿಯೋ ಆದ ಪ್ರೈಮರ್ ಬಣ್ಣ ಕಂಡೊಡನೆ ನಿಲ್ಲಿಸಿ. ಟ್ಯಾಂಕಿನ ಅಂಚು, ಉಬ್ಬುಗಳಲ್ಲಿ ಬಣ್ಣ ತೀರಾ ತೆಳುವಾಗಿರುತ್ತದೆ; ಅಲ್ಲಿ ಬೆರಳಿನ ಒತ್ತಡವೇ ಹೆಚ್ಚು. ಸ್ಟಿಕ್ಕರಿನ ಸುತ್ತ ಅಂಟುಪಟ್ಟಿ ಹಾಕಿಕೊಂಡು ಉಜ್ಜಿ. ಮುಂದೊಂದು ದಿನ ಪೇಂಟ್ ಹೊಡೆಸಿದರೂ ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸಿ, ಬೇರೆ ಬಣ್ಣವಾದರೆ ಆರ್‌ಟಿಒದಲ್ಲಿ ದಾಖಲಿಸಬೇಕಾಗುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಟೂ-ಕೆ ಪೇಂಟಿನ ಆವಿ ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅದನ್ನು ಕೊಟ್ಟಿಗೆಯಲ್ಲಿ ಪ್ರಯತ್ನಿಸಬೇಡಿ, ದನಗಳೂ ಅದೇ ಗಾಳಿ ಉಸಿರಾಡುತ್ತವೆ.

ಮೊದಲ ಸ್ಟಾರ್ಟಿಗೆ ಗೇರ್ ಎಣ್ಣೆ ಬದಲಿಸಿ. ಹಳೆಯದು ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಸೇರಿತ್ತೆಂದು ಅರ್ಥ, ಇನ್ನೂರು ಕಿಲೋಮೀಟರಿನ ನಂತರ ಮತ್ತೊಮ್ಮೆ ಬದಲಿಸಿ. ಹೊಸ ಪ್ಲಗ್ಗಿನ ಅಂತರವನ್ನು 0.6ರಿಂದ 0.7 ಮಿ.ಮೀ.ಗೆ ಇಟ್ಟು, ಗಾಡಿಯನ್ನು ಅಂಗಳಕ್ಕೆ ತಂದು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು ಕಿಕ್ ಹೊಡೆಯಿರಿ. ಒಳಗೆ ಬಿಟ್ಟ ಎಣ್ಣೆಯೆಲ್ಲ ಉರಿಯುವವರೆಗೆ ಅಡಿಕೆ ಒಲೆಯಂತೆ ಹೊಗೆ ಬರುತ್ತದೆ, ಹೆದರಬೇಡಿ. ವೇಗ ತಾನಾಗಿಯೇ ಏರುತ್ತ ಹೋಗಿ, ಕೀ ತಿರುಗಿಸಿದರೂ ಇಳಿಯದಿದ್ದರೆ ಹಿಂದಿನ ಬ್ರೇಕನ್ನು ಬಲವಾಗಿ ಒತ್ತಿ, ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಿ. ಅದು ಎಡಗಡೆಯ ಸೀಲ್ ಹೋಗಿರುವ ಲಕ್ಷಣ. ಇಷ್ಟು ವರ್ಷ ನಿಂತ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು, ಆಗ ಕ್ಲಚ್ ಹಿಡಿದಿದ್ದರೂ ಗೇರ್ ಬಿದ್ದೊಡನೆ ಗಾಡಿ ನೆಗೆಯುತ್ತದೆ. ಆದ್ದರಿಂದ ಎಂಜಿನ್ ನಿಲ್ಲಿಸಿದ್ದಾಗಲೇ ಕ್ಲಚ್ ಹಿಡಿದು, ಗೇರಿನಲ್ಲಿ ಹಿಂದೆ ಮುಂದೆ ತಳ್ಳಿ, ಪ್ಲೇಟು ಬಿಟ್ಟುಕೊಂಡಿರುವುದನ್ನು ನೋಡಿಕೊಳ್ಳಿ.

ಮೊದಲ ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣವನ್ನು ನೋಡಿ: ಕಾಫಿಪುಡಿಯ ಕಂದು ಇದ್ದರೆ ಸರಿ, ಒದ್ದೆ ಕಪ್ಪಾದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು, ಬೂದಿಬಿಳುಪಾದರೆ ಓಡಿಸುವುದನ್ನು ನಿಲ್ಲಿಸಿ ಗಾಳಿ ಎಲ್ಲಿಂದ ಸೇರುತ್ತಿದೆ ಎಂದು ಹುಡುಕಬೇಕು. ಆ ಪ್ಲಗ್ಗಿನ ಮತ್ತು ಸೈಲೆನ್ಸರ್ ಕಿಂಡಿಯಿಂದ ಕಂಡ ಪಿಸ್ಟನ್‌ನ ಚಿತ್ರಗಳನ್ನು ಕಳುಹಿಸಿಕೊಟ್ಟರೆ ಬೋರಿಂಗ್ ಬೇಕೇ ಬೇಡವೇ ಎಂದು ತಿಳಿಸುತ್ತೇನೆ.